ಚಿಗರಿ ಗೇಟು ದಾಟಿದ್ದು: ಒಂದು ಮುಧೋಳ ನಾಯಿಯ ಹನ್ನೆರಡು ವಾರ

ನಾಯಿಗಳಿಗೆ ತರಬೇತಿ ಕೊಡುವ ನನಗೆ ಫೆಬ್ರುವರಿ ಮೊದಲ ವಾರ ಧಾರವಾಡದ ಸಪ್ತಾಪುರದಿಂದ ಫೋನ್ ಬಂತು. ಮಾತಾಡಿದವರು ನಿವೃತ್ತ ಹೈಸ್ಕೂಲ್ ಶಿಕ್ಷಕಿ, ವಯಸ್ಸು 63, ಜೀವನಪೂರ್ತಿ ಗಣಿತ ಕಲಿಸಿದವರು. ಓಣಿಯವರೆಲ್ಲ ಅಕ್ಕೋರು ಅಂತಲೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ. “ತಮ್ಮಾ, ನಾ ನಾಯಿನ ಅಡ್ಡಾಡಸಲಿಕ್ಕೆ ಹೋಗ್ತೀನೋ, ಅದು ನನ್ನ ಎಳಕೊಂಡು ಹೋಗ್ತದೋ, ನೀನ ಬಂದು ನೋಡು” ಅಂದರು. ಹೋದಾಗ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಗೇಟು ತೆರೆದರು. ನಾಲ್ಕು ದಿನದ ಹಿಂದೆ ಅದೇ ಗೇಟಿನ ಬಾಯಲ್ಲಿ ಅಳಿಲೊಂದು ಅಡ್ಡ ಓಡಿದ್ದೇ ತಡ, ನಾಯಿ ನೆಗೆದಿತ್ತು, ಇವರು ಬೋರಲು ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ಅಷ್ಟೇ ಪುಣ್ಯ.

ನಾಯಿಯ ಹೆಸರು ಚಿಗರಿ. ಹನ್ನೊಂದು ತಿಂಗಳ ಹೆಣ್ಣು ಮುಧೋಳ, ತೂಕ 21 ಕೆಜಿ, ಬಣ್ಣ ಒಣಹುಲ್ಲಿನದು. ಬೆಂಗಳೂರಿನಲ್ಲಿರುವ ಮಗ ಎರಡು ತಿಂಗಳ ಮರಿ ತಂದುಕೊಟ್ಟು, “ಅವ್ವಾ, ನಿನಗ ಜೋಡಿ ಆಗ್ತದ” ಅಂತ ಹೇಳಿ ಮರಳಿ ಹೋಗಿದ್ದ. ಮನೆಯಲ್ಲಿ ಮೊಣಕಾಲು ಆಪರೇಷನ್ ಆದ ಯಜಮಾನರು ಬೇರೆ. ಅಂದರೆ ಈ ನಾಯಿಯನ್ನು ಹೊರಗೆ ಕರೆದೊಯ್ಯುವ ಕೈ ಒಂದೇ, ಅದೂ ಉಳುಕಿದ್ದು.

ಮುಧೋಳದ ಬಗ್ಗೆ ನನ್ನದೊಂದು ತಕರಾರಿದೆ, ಇಲ್ಲೇ ಹೇಳಿಬಿಡುತ್ತೇನೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಕಾಲದಿಂದ ಹೆಸರಾದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ನಮ್ಮ ನಾಡಿನ ನಾಯಿ ಅಂತ ಅಭಿಮಾನದಿಂದ ಕೊಳ್ಳುವವರು ಹೆಚ್ಚಾಗಿದ್ದಾರೆ, ಸಂತೋಷ. ಆದರೆ ಇದು ಬಯಲಲ್ಲಿ ಮೊಲ ಅಟ್ಟಿಸಿಕೊಂಡು ಹೋಗಲು ಬೆಳೆಸಿದ ದೇಹ. ಮೂಗಿಗಿಂತ ಮೊದಲು ಕಣ್ಣು ಕೆಲಸ ಮಾಡುತ್ತದೆ, ಕಣ್ಣಿಗಿಂತ ಮೊದಲು ಕಾಲು. ಅದನ್ನು ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿಹಾಕಿ, ದಿನಕ್ಕೊಮ್ಮೆ ಅರ್ಧ ತಾಸು ಹೊರಗೆ ಬಿಟ್ಟು, ಆ ಅರ್ಧ ತಾಸಿನಲ್ಲಿ ಅದು ಸಭ್ಯವಾಗಿ ನಡೆಯಬೇಕು ಅನ್ನುತ್ತೇವೆ.

ಮೊದಲ ದಿನ ನಾನು ಏನೂ ಹೇಳಲಿಲ್ಲ. ದಿನಾ ಹೇಗೆ ಹೋಗುತ್ತೀರೋ ಹಾಗೇ ಹೋಗಿ ಅಂದೆ. ಅಕ್ಕೋರು ಬಾಗಿಲ ಹಿಂದಿನ ಮೊಳೆಯಿಂದ ಚೈನು ತೆಗೆದರು. ಆ ಕಬ್ಬಿಣದ ಸದ್ದಿಗೇ ಚಿಗರಿ ಮೂರು ಸುತ್ತು ಗಿರಕಿ ಹೊಡೆದು, ಅವರ ಹೆಗಲಮಟ್ಟ ಜಿಗಿದು, ಚಪ್ಪಲಿ ಸ್ಟ್ಯಾಂಡು ಕೆಡವಿತು. ಗೇಟು ಒಂದು ಗೇಣು ತೆರೆದದ್ದೇ ತಡ, ನಾಯಿ ರಸ್ತೆಯಲ್ಲಿ, ಅಕ್ಕೋರು ಅರ್ಧ ಗೇಟಿನಲ್ಲಿ. ಅಲ್ಲಿಂದ ಮೂಲೆಯ ಟ್ರಾನ್ಸ್‌ಫಾರ್ಮರ್ ತನಕ 140 ಹೆಜ್ಜೆ. ನಾನು ಹಿಂದಿನಿಂದ ಮೊಬೈಲಿನಲ್ಲಿ ಚಿತ್ರ ಹಿಡಿದೆ. ಬಂದು ಕೂತು ಇಬ್ಬರೂ ಎಣಿಸಿದೆವು. ಚೈನಿನ ಕೊಂಡಿ ಕೊರಳಿನಿಂದ ಕೆಳಗೆ ಜೋತುಬಿದ್ದಿದ್ದರೆ ಸಡಿಲ, ಅಡ್ಡಕ್ಕೆ ನೆಟ್ಟಗಾಗಿದ್ದರೆ ಬಿಗಿ. ಲೆಕ್ಕದ ಟೀಚರು, ಕೂಡಲೇ ಒಂದು ನೂರು ಪುಟದ ನೋಟ್‌ಬುಕ್ ತಂದರು. 140ರಲ್ಲಿ ಸಡಿಲವಾಗಿದ್ದದ್ದು 11 ಹೆಜ್ಜೆ. ಆ ಹನ್ನೊಂದೂ ನಾಯಿ ಮೂತ್ರ ಮಾಡಲು ನಿಂತಾಗಿನವು.

ಕೊರಳಲ್ಲಿದ್ದದ್ದು

ಚಿಗರಿಯ ಕೊರಳಲ್ಲಿದ್ದದ್ದು ಚೋಕ್ ಚೈನು. ಎಳೆದಷ್ಟೂ ಬಿಗಿಯುವ ಉಕ್ಕಿನ ಉರುಳು. ಯಾರೋ ಒಬ್ಬರು, “ಎರಡು ಸಲ ಕೊರಳು ಹಿಚಕಿದ್ರ ತಾನ ಬುದ್ಧಿ ಬರ್ತದ” ಅಂತ ಹೇಳಿ ಕೊಡಿಸಿದ್ದರಂತೆ. ಮೂರು ತಿಂಗಳಲ್ಲಿ ಬಂದದ್ದು ಬುದ್ಧಿಯಲ್ಲ, ಕೆಮ್ಮು. ಮುಧೋಳದ ಕೊರಳು ಉದ್ದ, ಚರ್ಮ ತೆಳು, ಶ್ವಾಸನಾಳಕ್ಕೆ ರಕ್ಷಣೆಯಾಗಿ ಕೊಬ್ಬಿನ ಪದರವೂ ಇಲ್ಲ. ಗೊರಗೊರ ಅಂತಿದ್ದರೂ ಅದು ಎಳೆಯುವುದನ್ನು ಬಿಟ್ಟಿರಲಿಲ್ಲ, ಯಾಕೆಂದರೆ ಮುಂದೆ ಇರುವ ಅಳಿಲಿನ ಬೆಲೆ ಕೊರಳಿನ ನೋವಿಗಿಂತ ದೊಡ್ಡದು.

ಮೊದಲು ಪಶುವೈದ್ಯರ ಹತ್ತಿರ ಕಳಿಸಿದೆ. ಕೊರಳು, ಕಾಲು, ಕಿವಿ ನೋಡಿದರು, ರೇಬಿಸ್ ಲಸಿಕೆಯ ಚೀಟಿ ನೋಡಿದರು. ಎಲ್ಲ ಸರಿಯಿತ್ತು. ಇದನ್ನು ಬಿಟ್ಟು ತರಬೇತಿ ಶುರುಮಾಡುವುದು ನನಗೆ ಒಗ್ಗುವುದಿಲ್ಲ. ಪಾದದಲ್ಲಿ ಮುಳ್ಳು ಸಿಕ್ಕಿಕೊಂಡ ನಾಯಿಗೆ ಹಟಮಾರಿ ಎಂಬ ಪಟ್ಟ ಕಟ್ಟಿದ್ದನ್ನು ಕಂಡಿದ್ದೇನೆ.

ಆಮೇಲೆ ಸಾಮಾನು ಬದಲಾಯಿತು. ಈ ತಳಿಯ ತಲೆ ಕೊರಳಿಗಿಂತ ಅಗಲವೇನಲ್ಲ, ಸಾದಾ ಬೆಲ್ಟ್ ಹಾಕಿದರೆ ಹಿಂದಕ್ಕೆ ಜಗ್ಗಿದಾಗ ಬಳೆ ಕಳಚಿದ ಹಾಗೆ ಕಳಚುತ್ತದೆ. ಅದಕ್ಕೆ ಮಾರ್ಟಿಂಗೇಲ್ ಬೆಲ್ಟ್. ಅದು ಒಂದು ಅಳತೆಯ ತನಕ ಮಾತ್ರ ಬಿಗಿಯುತ್ತದೆ, ಉಸಿರು ಕಟ್ಟಿಸುವುದಿಲ್ಲ. ಜೊತೆಗೆ ಮೈಗೆ ಅಂಗಿಯ ಹಾಗೆ ತೊಡಿಸುವ, ಎದೆಯ ಮೇಲೂ ಬೆನ್ನಿನ ಮೇಲೂ ಒಂದೊಂದು ಉಂಗುರವಿರುವ ಹಾರ್ನೆಸ್. ಬೆನ್ನಿನ ಉಂಗುರಕ್ಕಷ್ಟೇ ಹಗ್ಗ ಹಾಕಿದರೆ ನಾಯಿಗೆ ಎಳೆಯುವುದು ಇನ್ನೂ ಸಲೀಸು. ಎತ್ತಿನ ಹೆಗಲಿಗೆ ನೊಗ ಇಟ್ಟ ಹಾಗೆ, ಇಡೀ ಮೈಭಾರ ಎದೆಗೆ ಕೊಟ್ಟು ಜಗ್ಗಬಹುದು. ಎದೆಯ ಉಂಗುರಕ್ಕೆ ಹಾಕಿದರೆ, ಜಗ್ಗಿದಾಗ ಮೈ ನಮ್ಮ ಕಡೆ ತಿರುಗುತ್ತದೆ. ಚೈನಿನ ಬದಲು ಎರಡು ಮೀಟರ್ ಉದ್ದದ ಹತ್ತಿಯ ಪಟ್ಟಿ. ಗುಂಡಿ ಒತ್ತಿದರೆ ಉದ್ದವಾಗುವ ಆ ಪ್ಲಾಸ್ಟಿಕ್ ಡಬ್ಬಿಯ ಲೀಶ್ ಬೇಡವೇ ಬೇಡ ಅಂದೆ. ಅದರಲ್ಲಿ ಹಗ್ಗ ಯಾವಾಗಲೂ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ, ನಾವು ಕಲಿಸಬೇಕಾದದ್ದು ಸಡಿಲವನ್ನು.

ಇಷ್ಟು ಕೊಂಡರೆ ನಾಯಿ ಕಲಿತಂತಾಗಲಿಲ್ಲ. ಹಾರ್ನೆಸ್ ಅಕ್ಕೋರ ಕೈ ಉಳಿಸಿತು, ಅಷ್ಟೇ.

ನನ್ನ ತಪ್ಪು

ನಾಯಿ ಎಳೆಯುವುದು ಯಾಕೆ ಅಂತ ಅಕ್ಕೋರಿಗೆ ಹೇಳಿದ್ದು ಹೀಗೆ: ಚೈನು ಬಿಗಿಯಾಗಿರುವಾಗ ನೀವು ಇಟ್ಟ ಒಂದೊಂದು ಹೆಜ್ಜೆಯೂ ಅದಕ್ಕೆ ಕೊಟ್ಟ ಕೂಲಿ. ಎಳೆದೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಬಂತು. ಮತ್ತೆ ಎಳೆದೆ, ಕಸದ ತೊಟ್ಟಿ ಬಂತು. ಒಂಬತ್ತು ತಿಂಗಳಿಂದ ದಿನಕ್ಕೆ ಸಾವಿರಾರು ಹೆಜ್ಜೆ ಕೂಲಿ ಸಿಕ್ಕ ಕೆಲಸವನ್ನು ಅದು ಯಾಕೆ ಬಿಡಬೇಕು? 1898ರಲ್ಲಿ ಮನೋವಿಜ್ಞಾನಿ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ತೋರಿಸಿದ್ದೂ ಇದನ್ನೇ. ಫಲ ಕೊಟ್ಟ ನಡತೆ ಊರುತ್ತದೆ. ಅಕ್ಕೋರು ಕನ್ನಡಕ ಸರಿಮಾಡಿಕೊಂಡು, “ಅಂದ್ರ ಎಳಿಯೂದು ಕಲಿಸಿದಾಕಿ ನಾನ” ಅಂದರು. ಹೌದು ಅನ್ನಲು ನನಗೆ ಸಂಕೋಚ, ಆದರೆ ಹೌದು.

ಹಾಗಿದ್ದರೆ ಕೂಲಿ ನಿಲ್ಲಿಸೋಣ ಅಂತ, ಎಲ್ಲರೂ ಹೇಳುವ ಉಪಾಯವನ್ನೇ ನಾನೂ ಹೇಳಿದೆ: ಪಟ್ಟಿ ಬಿಗಿಯಾದ ಕೂಡಲೇ ಮರದ ಹಾಗೆ ನಿಂತುಬಿಡಿ, ಸಡಿಲಾದ ಮೇಲೆ ಹೊರಡಿ. ಇದು ಸಮಾಧಾನದ ನಾಯಿಗೆ ಒಪ್ಪುವ ವಿದ್ಯೆ. ಚಿಗರಿಗೆ ಮೂರೇ ದಿನದಲ್ಲಿ ಹುಚ್ಚು ಹಿಡಿಸಿತು. ನಿಂತರೆ ಇನ್ನೂ ಜೋರಾಗಿ ಜಗ್ಗಿತು, ಆಗಲಿಲ್ಲವೆಂದರೆ ತಿರುಗಿ ಪಟ್ಟಿ ಕಚ್ಚಿತು, ನಾಲ್ಕನೇ ದಿನ ಪಟ್ಟಿ ಬಿಟ್ಟು ಅಕ್ಕೋರ ಇಳಕಲ್ ಸೀರೆಯ ಸೆರಗು ಹಿಡಿದು ಮೊಳದಷ್ಟು ಹರಿಯಿತು. ಅವರು ಬೈಯಲಿಲ್ಲ. ಸೆರಗನ್ನು ಮಡಚಿ ನನ್ನ ಮುಂದಿಟ್ಟು ಚಹಾ ಮಾಡಲು ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ತಪ್ಪು ಎಲ್ಲಿ ಅಂದರೆ, ಏನು ಮಾಡಬಾರದು ಅಂತ ನಾಯಿಗೆ ಹೇಳಿದ್ದೆ, ಏನು ಮಾಡಬೇಕು ಅಂತ ಹೇಳಿರಲಿಲ್ಲ. ಅದೂ ಅಳಿಲು, ಸ್ಕೂಟರ್, ಕ್ಲಾಸಿಗೆ ಓಡುವ ಹುಡುಗರು, ಬೀದಿನಾಯಿ ಎಲ್ಲ ಇರುವ ರಸ್ತೆಯಲ್ಲಿ. ಕೂಡುವ ಲೆಕ್ಕ ಗೊತ್ತಿಲ್ಲದ ಮಗುವಿಗೆ ಸಂತೆಯ ನಡುವೆ ಭಾಗಾಕಾರ ಕೊಟ್ಟ ಹಾಗಾಗಿತ್ತು. ಈ ಹೋಲಿಕೆ ಅಕ್ಕೋರದೇ.

ಮೊಳೆ, ಗೇಟು, ಮಾಳಿಗೆ

ಎರಡನೇ ವಾರ ರಸ್ತೆಗೆ ಹೋಗುವುದನ್ನೇ ನಿಲ್ಲಿಸಿದೆವು. ಶೌಚಕ್ಕೆ ಹಿತ್ತಲು ಇತ್ತು. ಪಟ್ಟಿಯನ್ನು ದಿನಕ್ಕೆ ಇಪ್ಪತ್ತು ಸಲ ಮೊಳೆಯಿಂದ ತೆಗೆದು, ಅಡುಗೆಮನೆಗೆ ಹೋಗಿ, ತಿರುಗಿ ಬಂದು ತೂಗುಹಾಕುವುದು. ಹೆಗಲ ಮೇಲೆ ಹಾಕಿಕೊಂಡೇ ಕಾಯಿಪಲ್ಲೆ ಹೆಚ್ಚುವುದು. ಐದನೇ ದಿನದ ಹೊತ್ತಿಗೆ ಪಟ್ಟಿ ಕೆಳಗಿಳಿದರೆ ಚಿಗರಿ ಒಂದು ಕಿವಿ ಎತ್ತುತ್ತಿತ್ತು, ಅಷ್ಟೇ.

ಗೇಟಿನ ಪಾಠವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಈ ಪ್ರಕರಣದ ಕೀಲಿ ಅಲ್ಲಿತ್ತು. ನಡಿಗೆ ಕೆಡುತ್ತಿದ್ದದ್ದು ರಸ್ತೆಯಲ್ಲಲ್ಲ, ಗೇಟಿನಲ್ಲೇ ಕೆಟ್ಟು ರಸ್ತೆಗೆ ಬರುತ್ತಿತ್ತು. ನಿಯಮ ಒಂದೇ: ಚಿಗರಿಯ ನಾಲ್ಕೂ ಕಾಲು ನೆಲದ ಮೇಲಿದ್ದು ಪಟ್ಟಿ ಸಡಿಲವಾಗಿದ್ದರೆ ಗೇಟು ತೆರೆಯುತ್ತದೆ. ಮೂತಿ ಸಂದಿಗೆ ಬಂದರೆ, ಮೂತಿಗೆ ತಾಗದ ಹಾಗೆ, ಮುಚ್ಚುತ್ತದೆ. ಬೈಗುಳವಿಲ್ಲ, ಜಗ್ಗುವುದಿಲ್ಲ, “ಕೂಡು” ಅನ್ನುವ ಆಜ್ಞೆಯೂ ಇಲ್ಲ. ಮೊದಲ ದಿನ ಚಿಲಕ ತೆಗೆದೆ, ಅದು ನುಗ್ಗಿತು, ಮುಚ್ಚಿದೆ. ತೆಗೆದೆ, ನುಗ್ಗಿತು, ಮುಚ್ಚಿದೆ. ಹದಿನಾರನೇ ಸಲಕ್ಕೋ ಹದಿನೇಳನೇ ಸಲಕ್ಕೋ ಅದು ಅರೆಗಳಿಗೆ ನಿಂತು ನನ್ನ ಮುಖ ನೋಡಿತು. ಹಣೆಯ ಮೇಲೊಂದು ಸಣ್ಣ ಗಂಟು. ಗೇಟು ಪೂರ್ತಿ ತೆರೆದೆ. ಅಷ್ಟಕ್ಕೆ ಹನ್ನೊಂದು ನಿಮಿಷ ಹಿಡಿದಿತ್ತು. ಮರುದಿನ ನಾಲ್ಕು ನಿಮಿಷ. ವಾರದ ಕೊನೆಗೆ ಅಕ್ಕೋರು ಎಡಗೈಯಲ್ಲಿ ಹಾಲಿನ ಪಾಕೀಟು ಹಿಡಿದೇ ಗೇಟು ತೆರೆದರು.

ಮಾಳಿಗೆಯ ಮೇಲೆ ಇನ್ನೊಂದು ಪಾಠ ನಡೆಯುತ್ತಿತ್ತು. ಎಡ ಮೊಣಕಾಲಿನ ಪಕ್ಕ ಇರುವ ಒಂದು ಅಡಿ ಜಾಗ ಅನ್ನಪೂರ್ಣೆಯ ಜಾಗ. ಅಲ್ಲಿ ಬಂದರೆ ತಿನಿಸು ಬೀಳುತ್ತದೆ, ಬೇರೆಲ್ಲೂ ಬೀಳುವುದಿಲ್ಲ. ಒಂದು ಹೆಜ್ಜೆಗೆ ಒಂದು ಚೂರು, ಆಮೇಲೆ ಮೂರು ಹೆಜ್ಜೆಗೆ, ಆಮೇಲೆ ಲೆಕ್ಕ ತಪ್ಪಿಸಿ ಎರಡಕ್ಕೋ ಏಳಕ್ಕೋ. ಕೊನೆಯದು ಅಕ್ಕೋರಿಗೆ ಹಿಡಿಸಲಿಲ್ಲ, ಕ್ರಮ ಬೇಕು ಅವರಿಗೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ್ದು ಹೆಚ್ಚು ಕಾಲ ಹಿಡಿದಿಡುತ್ತದೆ ಅಂತ ಒಪ್ಪಿಸಲು ಲಾಟರಿಯ ಉದಾಹರಣೆ ಕೊಡಬೇಕಾಯಿತು.

ತಿನಿಸು ಯಾವುದು? ಮನೆಯವರು ಶಾಕಾಹಾರಿಗಳು, ಮೊಟ್ಟೆಯೂ ಒಳಗೆ ಬರುವ ಹಾಗಿಲ್ಲ. ದಿನದ ಊಟ ಜೋಳದ ರೊಟ್ಟಿ-ಹಾಲು, ಜೊತೆಗೆ ಒಂದಿಷ್ಟು ಡಬ್ಬಿಯ ಆಹಾರ. ಮಾಳಿಗೆಯ ಮೇಲೆ ರೊಟ್ಟಿ ಚೂರು ಸಾಕಾಯಿತು. ಕಾಂಪೌಂಡಿನಲ್ಲಿ ಕುದಿಸಿದ ಗೆಣಸು. ರಸ್ತೆಯಲ್ಲಿ ಇವೆರಡಕ್ಕೂ ಬೆಲೆಯಿಲ್ಲ, ಪನೀರ್ ಬೇಕು, ತೊಗರಿಕಾಳಿನಷ್ಟು ಗಾತ್ರ. ಪಕ್ಕದ ಮನೆಯವರು ಪ್ರೀತಿಯಿಂದ ಪೇಢೆ ಹಾಕುತ್ತಿದ್ದರು, ಅದನ್ನು ನಿಲ್ಲಿಸುವುದು ನಾಯಿಗೆ ಕಲಿಸುವುದಕ್ಕಿಂತ ಕಷ್ಟವಾಯಿತು.

ಸರಿಮಾಡಿದ ಕ್ಷಣವನ್ನೇ ಗುರುತಿಸಲು ಒಂದು ಶಬ್ದ ಬೇಕು. ಸದ್ದು ಬಂದರೆ ತಿನಿಸು ಬರುತ್ತದೆ ಅಂತ ನಾಯಿಗೆ ತಿಳಿಯಬೇಕು. “ಹಾಂ” ಅಂತ ಇಟ್ಟುಕೊಂಡೆವು, ಚಿಕ್ಕದು, ಬಾಯಿಗೆ ಬರುತ್ತದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಅಕ್ಕೋರಿಗೆ ತಂಗಿಯ ಫೋನ್ ಬಂತು. “ಹಾಂ… ಹಾಂ… ಹಾಂ ಹೇಳು” ಅಂತ ಇಪ್ಪತ್ತು ನಿಮಿಷ ಮಾತು ನಡೆಯಿತು, ಚಿಗರಿ ಎದುರಿಗೆ ಕೂತು ಒಂದೊಂದು ಹಾಂಗೂ ಕೈ ನೋಡಿ ನೋಡಿ, ಕೊನೆಗೆ ಎದ್ದು ಹೋಯಿತು. ಅಂದಿಗೆ ಆ ಶಬ್ದ ಸವಕಲು ನಾಣ್ಯವಾಯಿತು. ಎತ್ತು ಹೊಡೆಯುವವರು ನಾಲಿಗೆಯಲ್ಲಿ ಮಾಡುವ ಟಕ್ ಸದ್ದಿಗೆ ಬದಲಾದೆವು. ಫೋನಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಮೂರನೇ ವಾರದ ಕೊನೆಗೆ ಮತ್ತೆ ಟ್ರಾನ್ಸ್‌ಫಾರ್ಮರ್ ತನಕ. ಈಗ ಪಟ್ಟಿ ಬಿಗಿಯುವ ಮುಂಚೆಯೇ “ಹಿಂದಕ” ಅಂತ ಹೇಳಿ ತಿರುಗಿಬಿಡುವುದು, ತಿರುಗಿ ಪಕ್ಕಕ್ಕೆ ಬಂದರೆ ಟಕ್, ಪನೀರ್. 140ಕ್ಕೆ 62 ಸಡಿಲ. ಅಕ್ಕೋರು ಅದನ್ನು ಶೇಕಡಾವಾರಿಗೆ ತಿರುಗಿಸಿ, 44, ಕೆಂಪು ಪೆನ್ನಿನಲ್ಲಿ ಬರೆದು, “ಪಾಸ್ ಆತು” ಅಂದರು. ಅವರು ಕಲಿಸುವ ಕಾಲದಲ್ಲಿ ಹತ್ತನೇ ತರಗತಿಗೆ 35 ಸಾಕಿತ್ತಲ್ಲ.

ಮೂರು ವಾರ ಬಾಗಿಲು ಬಂದ್

ನಾಲ್ಕನೇ ವಾರ ಚಿಗರಿ ಬೆದೆಗೆ ಬಂತು. ವಯಸ್ಸು ನೋಡಿ ನಾನೇ ಎಚ್ಚರಿಸಬೇಕಿತ್ತು, ಮರೆತಿದ್ದೆ. ಬೆಳಗಾಗುವುದರೊಳಗೆ ಗೇಟಿನ ಮುಂದೆ ಏಳು ಗಂಡುನಾಯಿ. ಬೆದೆ ಸುಮಾರು ಮೂರು ವಾರ, ಅಷ್ಟು ದಿನ ರಸ್ತೆಯ ಮಾತೇ ಇಲ್ಲ. ವೈದ್ಯರು ಬೆದೆ ಮುಗಿದು ಎರಡು-ಮೂರು ತಿಂಗಳಾದ ಮೇಲೆ ಸಂತಾನಹರಣ ಮಾಡಿಸೋಣ ಅಂದರು.

ಈ ಮೂರು ವಾರದಲ್ಲೇ ಒಂದು ಗುಟ್ಟು ಹೊರಬಿತ್ತು. ಎದುರುಮನೆಯ ಇಂಜಿನಿಯರಿಂಗ್ ಹುಡುಗ ಸಂಜೆ ಬಂದು, “ಅಜ್ಜಿ, ಇವತ್ತ ಓಡಸಲಿಕ್ಕೆ ಬ್ಯಾಡೇನ್ರಿ?” ಅಂತ ಕೇಳಿದ. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ ಅವನು ಚಿಗರಿಯನ್ನು ಕಟ್ಟಿಕೊಂಡು ಓಡುತ್ತಿದ್ದ. ಹಗ್ಗ ಬಿಗಿ ಮಾಡಿಕೊಂಡು, ನಗುತ್ತ, ಭರ್ಜರಿ ಕೂಲಿ ಕೊಡುತ್ತ! “ಅದು ಓಡೂದು, ಅಡ್ಡಾಡೂದಲ್ಲ, ಅದಕ್ಕ ಹೇಳಲಿಲ್ಲ” ಅಂದರು ಅಕ್ಕೋರು. ತರ್ಕ ಅವರ ಮಟ್ಟಿಗೆ ಸರಿಯೇ.

ಹುಡುಗನನ್ನು ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಈ ನಾಯಿಗೆ ಓಟ ಬೇಕು, ಅದು 63ರ ಕಾಲಿನಿಂದ ಆಗುವುದಲ್ಲ. ಹಾಗಂತ “ದಣಿಸಿದರೆ ತಣ್ಣಗಾಗುತ್ತದೆ” ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ದಿನಾ ದಣಿಸಿದರೆ ದಮ್ಮು ಹೆಚ್ಚಿದ ಕ್ರೀಡಾಪಟು ತಯಾರಾಗುತ್ತಾನೆ, ಶಾಂತ ನಾಯಿಯಲ್ಲ. ನಡುವಿನ ದಾರಿ ಹುಡುಕಿದೆವು. ಎದೆಯ ಉಂಗುರಕ್ಕೆ ಪಟ್ಟಿ ಹಾಕಿದರೆ ಅಕ್ಕೋರ ನಡಿಗೆ, ಎಳೆಯುವ ಹಾಗಿಲ್ಲ. ಬೆನ್ನಿನ ಉಂಗುರಕ್ಕೆ ಹಾಕಿದರೆ ಹುಡುಗನ ಓಟ, ಎಳೆಯಬಹುದು. ಯಾವ ಕೊಂಡಿ ಎಲ್ಲಿ ಕ್ಲಿಕ್ಕೆಂದಿತು ಅನ್ನುವುದರಲ್ಲೇ ನಾಯಿಗೆ ನಿಯಮ ತಿಳಿಯುತ್ತದೆ. ಬೆದೆ ಮುಗಿದ ಮೇಲೆ ಎರಡೇ ವಾರದಲ್ಲಿ ಅದು ಈ ವ್ಯತ್ಯಾಸ ಹಿಡಿಯಿತು. ಮನುಷ್ಯರಿಗೆ ಹೆಚ್ಚು ದಿನ ಬೇಕಾಯಿತು. ಹುಡುಗ ಎರಡು ಸಲ ತಪ್ಪು ಉಂಗುರಕ್ಕೆ ಹಾಕಿದ.

ಮಾವಿನ ತೋಟ

ಏಳನೇ ವಾರ ರಸ್ತೆಗೆ ಬಂದಾಗ ಅಂಕ ಇಳಿದಿತ್ತು, 140ಕ್ಕೆ 48. ಮೂರು ವಾರ ಹೊರಗಿನ ಗಾಳಿ ಕಾಣದ ನಾಯಿ, ಅದೂ ಹರೆಯದ್ದು. ಬೇಸರ ಮಾಡಿಕೊಳ್ಳಬೇಡಿ ಅಂದೆ. ಅಕ್ಕೋರು ನೋಟ್‌ಬುಕ್ಕಿನಲ್ಲಿ “ರಜೆಯ ನಂತರದ ಕಿರುಪರೀಕ್ಷೆ” ಅಂತ ಬರೆದುಕೊಂಡರು.

ಇಲ್ಲಿಂದ ಮುಂದೆ ಕೆಲಸ ಮಾಡಿದ್ದು ಪನೀರ್ ಅಲ್ಲ. ಅಳಿಲು ಕಂಡಾಗ ಚಿಗರಿ ಪನೀರನ್ನು ಬಾಯಿಂದ ಉಗುಳುತ್ತಿತ್ತು. ಅದರ ನಿಜವಾದ ಸಂಬಳ ಓಟ ಮತ್ತು ವಾಸನೆ. 1959ರಲ್ಲಿ ಮನೋವಿಜ್ಞಾನಿ ಡೇವಿಡ್ ಪ್ರೆಮ್ಯಾಕ್ ಶಾಸ್ತ್ರೀಯವಾಗಿ ಬರೆದದ್ದನ್ನು ನಮ್ಮ ಅಜ್ಜಿಯರು ಹೋಳಿಗೆ ಬಡಿಸುವಾಗ ಹೇಳುತ್ತಿದ್ದರು: ಮೊದಲು ಪಲ್ಯ ತಿನ್ನು, ಆಮೇಲೆ ಹೋಳಿಗೆ. ಹತ್ತು ಹೆಜ್ಜೆ ಸಡಿಲವಾಗಿ ನಡೆ, ಆಮೇಲೆ “ಹೋಗು, ಮೂಸು” ಅಂತ ಬೇವಿನ ಬುಡಕ್ಕೆ ಬಿಡುತ್ತೇನೆ. ಅಕ್ಕೋರಿಗೆ ಮೂಸುವುದು ಕಾಲಹರಣ ಅನಿಸಿತ್ತು. ಆದರೆ ಅವರೂ ಬೆಳಿಗ್ಗೆ ಪೇಪರು ಓದುವಾಗ ಯಾರೂ ಜಗ್ಗಬಾರದಷ್ಟೇ. ಬೇವಿನ ಬುಡ ಓಣಿಯ ನಾಯಿಗಳ ಪೇಪರು.

ಓಟಕ್ಕೆ ಗೆಳೆಯರೊಬ್ಬರ ಬೇಲಿ ಹಾಕಿದ ಆಪೂಸು ಮಾವಿನ ತೋಟ ಸಿಕ್ಕಿತು. ವಾರಕ್ಕೆರಡು ದಿನ, ಹತ್ತು ಮೀಟರಿನ ನೂಲಿನ ಹಗ್ಗ ಹಾರ್ನೆಸ್ಸಿನ ಬೆನ್ನಿಗೆ. ಕೊರಳಿಗೆ ಎಂದೂ ಇಲ್ಲ, ನಾಲ್ಕು ಜಿಗಿತಕ್ಕೆ ಹಗ್ಗ ಮುಗಿದಾಗ ಬೀಳುವ ಹೊಡೆತ ಕೊರಳಿಗೆ ಬಿದ್ದರೆ ಮುಗಿಯಿತು. ಮೊದಲ ದಿನ ಹಗ್ಗ ನನ್ನ ಅಂಗೈ ಸುಟ್ಟಿತು, ಆಮೇಲೆ ಕೈಗವಸು ಹಾಕಿದೆ. ತೋಟದ ಗೇಟಿನಿಂದ ಮೂರನೇ ಮರದ ತನಕ ಸಡಿಲ ಪಟ್ಟಿಯಲ್ಲಿ ನಡೆದರೆ ಹಗ್ಗ ಬಿಡುತ್ತೇವೆ. ನಡೆಯದಿದ್ದರೆ ಗೇಟಿಗೆ ವಾಪಸ್. ಇದನ್ನು ಅದು ಕಲಿತದ್ದು ಒಂದೇ ಬೆಳಗಿನಲ್ಲಿ. ಮನುಷ್ಯರ ನಡಿಗೆ ಅದರ ಕಾಲಿಗೆ ಎಷ್ಟು ನಿಧಾನ ಅಂತ ಅಲ್ಲಿ ನೋಡಬೇಕು, ಮೂರು ಮರ ದಾಟುವ ತನಕ ಮೈಯೆಲ್ಲ ನಡುಗುತ್ತಿತ್ತು, ಪಟ್ಟಿ ಮಾತ್ರ ಜೋತುಬಿದ್ದಿತ್ತು.

ಬೀದಿನಾಯಿಗಳ ಮಾತು ಚಿಕ್ಕದು. ಓಣಿಗೊಂದು ಗುಂಪು, ಗುಂಪಿಗೊಂದು ಗಡಿ. ಎದುರಾಎದುರು ನೇರ ಹೋಗದೆ ಕಮಾನಿನ ಹಾಗೆ ಬಳಸಿ ಹೋಗುವುದು, ದೂರದಿಂದ ಚಿಗರಿ ಅವನ್ನು ನೋಡಿ ತಿರುಗಿ ನಮ್ಮ ಮುಖ ನೋಡಿದರೆ ಟಕ್. ಗುಂಪು ಎದ್ದು ಬಂದರೆ “ಹಿಂದಕ”. ಧೈರ್ಯ ತೋರಿಸುವ ಜಾಗವಲ್ಲ ಅದು.

ಏಪ್ರಿಲ್ ಬಂದಾಗ ಹೊತ್ತು ಬದಲಾಯಿತು. ಬೆಳಿಗ್ಗೆ ಆರಕ್ಕೆ, ಸಂಜೆ ಏಳರ ಮೇಲೆ. ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಎಣಿಸುವ ತನಕ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಕಾದ ಹಂಚು. ಅಕ್ಕೋರು ರಸ್ತೆಯಲ್ಲಿ ಬಗ್ಗಿ ಕೈಯಿಟ್ಟು ಏಳರ ತನಕ ಎಣಿಸುವುದನ್ನು ನೋಡಿ ಹಾಲಿನವನು ಏನು ಕಳಕೊಂಡ್ರಿ ಅಂತ ಹುಡುಕಲು ಕೂತನಂತೆ.

ಹನ್ನೆರಡನೇ ವಾರದ ಕೊನೆಯ ಎಣಿಕೆ: 140ಕ್ಕೆ 121. ತಪ್ಪಿದ ಹತ್ತೊಂಬತ್ತರಲ್ಲಿ ಹದಿನಾಲ್ಕು ಒಂದೇ ಅಳಿಲಿನದು. ಮಣಿಕಟ್ಟಿನ ಬ್ಯಾಂಡೇಜ್ ಹೋಗಿದೆ. ದಿನಾ ಬೆಳಿಗ್ಗೆ ಇಪ್ಪತ್ತೈದು ನಿಮಿಷ ಇಬ್ಬರೇ ಹೋಗುತ್ತಾರೆ, ಪನೀರು ಈಗ ಇಡೀ ನಡಿಗೆಗೆ ಎಂಟ್ಹತ್ತು ಚೂರು. ಕೆಲಗೇರಿ ಕೆರೆಯ ದಂಡೆಗೆ ಕರೆದೊಯ್ಯುವ ಆಸೆ ಅವರಿಗಿತ್ತು, ಅದು ಆಗಿಲ್ಲ. ಆ ದಾರಿಯಲ್ಲಿ ಬೆಳಿಗ್ಗೆ ಆಡಿನ ಹಿಂಡು ಬರುತ್ತದೆ, ಆಡು ಕಂಡರೆ ಟಕ್ಕೂ ಇಲ್ಲ, ಹಿಂದಕವೂ ಇಲ್ಲ, ಚಿಗರಿಗೆ ಕಿವಿಯೇ ಇಲ್ಲ. ಹಿಂಡು ಅಕ್ಕೋರ ಮನೆ ಮುಂದೆಯೂ ಏಳೂವರೆಗೆ ಹಾಯುತ್ತದೆ. ಆಗ ಗೇಟು ಮುಚ್ಚಿ, ಒಳಗೆ ಇಪ್ಪತ್ತು ಅಡಿ ದೂರದ ತುಳಸಿಕಟ್ಟೆಯ ಹಿಂದೆ ಪಟ್ಟಿ ಹಿಡಿದು ನಿಲ್ಲುತ್ತಾರೆ. ಮೊನ್ನೆ ಹದಿನೆಂಟು ಅಡಿಗೆ ಬಂದಿದ್ದೇವೆ ಅಂತ ಫೋನ್ ಮಾಡಿದ್ದರು.